ಅಜ್ಜಿ ತಿರುಗಿಸಿದ ಜಾಡಿಗಳು

ಕೆಸರು ತುಂಬಿದ ಆರು ಗಾಜಿನ ಜಾಡಿಗಳನ್ನು ನಾನು ಮನೆಗೆ ತಂದಿಟ್ಟ ದಿನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಎಂಎಸ್ಸಿ ಓದ್ಸಿದ್ದು ಇದಕ್ಕೇನವ್ವಾ?" ಅಮ್ಮ ಏನೂ ಕೇಳಲಿಲ್ಲ, ಜಾಡಿಗಳು ತನ್ನ ಉಪ್ಪಿನಕಾಯಿಯವಲ್ಲ ಎಂದು ಖಾತ್ರಿ ಮಾಡಿಕೊಂಡು ಒಳಗೆ ಹೋದಳು. ಅಜ್ಜಿ, ಅಂದರೆ ಅಪ್ಪನ ತಾಯಿ, ಸೆರಗಿನಿಂದ ಒಂದೊಂದೇ ಜಾಡಿಯ ಹೊರಮೈ ಒರೆಸಿ, "ಇವನ್ನ ಹುಳದ ಮನೇಲಿ ಇಡಾಣ, ಅಲ್ಲಿ ತಂಪಿರ್ತದೆ" ಅಂದಳು. ಆ ಜಾಡಿಗಳಿಂದ ನನಗೆ ಜೀವಮಾನದ ಕೆಲಸ ಸಿಕ್ಕಿತು. ಅದಕ್ಕಾಗಿ ಕಳೆದುಕೊಂಡದ್ದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ನಮ್ಮೂರು ದೇವನಹಳ್ಳಿಯಿಂದ ಆವತಿಯ ಕಡೆಗೆ ಹೋಗುವಾಗ ದೊಡ್ಡ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಸಿಗುತ್ತದೆ. ಆಗ ವಿಮಾನ ನಿಲ್ದಾಣ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಮೊದಮೊದಲು ದ್ರಾಕ್ಷಿ ತೋಟದಲ್ಲಿ ಕೆಲಸ ಬಿಟ್ಟು ತಲೆ ಎತ್ತಿ ನಿಲ್ಲುತ್ತಿದ್ದ ಜನ, ಈಗ ವಿಮಾನದ ಸದ್ದಿಗೆ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುವುದನ್ನು ಕಲಿತಿದ್ದರು. ಅಜ್ಜಿಗೆ ಅದು ಗಡಿಯಾರವಾಗಿತ್ತು. "ಹನ್ನೊಂದರದ್ದು ಹೋಯ್ತು, ಮುದ್ದೆಗೆ ಎಸರಿಡು" ಎಂದು ಅಮ್ಮನಿಗೆ ಜಗಲಿಯಿಂದಲೇ ಕೂಗುವಳು. ವಿಮಾನ ತಡವಾದ ದಿನ ನಮ್ಮ ಮನೆಯಲ್ಲಿ ಊಟವೂ ತಡ.

ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿದ್ದೆ. ಹೆಸರು ದೊಡ್ಡದು, ಪ್ರಾಜೆಕ್ಟ್ ಇರುವ ತನಕ ಅಸಿಸ್ಟೆಂಟ್, ಮುಗಿದ ಮರುದಿನ ಮನೆಗೆ. ಲ್ಯಾಬಿನ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎನ್ನುತ್ತಿದ್ದೆವು. ಅವರು ಹಿಡಿದಿದ್ದ ಕೆಲಸ ಕೇಳಲು ಕಟ್ಟುಕಥೆಯ ಹಾಗಿತ್ತು. ಕೆರೆ ಕುಂಟೆಗಳ ಕೆಸರಿನಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಇರುತ್ತವೆ. ಅವು ನೀರಿನಲ್ಲಿರುವ ಕಬ್ಬಿಣವನ್ನು ಹೀರಿ, ಮೈಯೊಳಗೆ ಅಯಸ್ಕಾಂತದ ಸಣ್ಣ ಸಣ್ಣ ಹರಳು ಕಟ್ಟಿ, ಕರಿಮಣಿ ಪೋಣಿಸಿದಂತೆ ಸಾಲಾಗಿ ಇಟ್ಟುಕೊಳ್ಳುತ್ತವೆ. ಆ ಸಾಲು ಅವನ್ನು ದಿಕ್ಸೂಚಿಯ ಮುಳ್ಳಿನ ಹಾಗೆ ತಿರುಗಿಸುವುದರಿಂದ ನಮ್ಮ ಕಡೆಯವು ಹೆಚ್ಚಾಗಿ ಉತ್ತರಕ್ಕೇ ಈಜುತ್ತವೆ. ಇಂಥ ಬ್ಯಾಕ್ಟೀರಿಯಾವನ್ನು ಜೀವಕೋಶಕ್ಕೆ ನುಂಗಿಸಿದರೆ ಕೋಶದೊಳಗೆ ಒಂದು ಗುರುತು ಬಿದ್ದಂತೆ. ಆ ಕೋಶ ಮೈಯಲ್ಲಿ ಎಲ್ಲಿಗೆ ಹೋಗಿ ಸೇರಿತು ಎನ್ನುವುದನ್ನು, ಮೈ ಕೊಯ್ಯದೆ, ಸ್ಕ್ಯಾನ್ ಮಾಡಿ ಹೊರಗಿನಿಂದಲೇ ಕಾಣಬಹುದು.

ಗುರುತಿಗೆ ಬರೀ ಕಬ್ಬಿಣದ ಪುಡಿಯೂ ಆಗುತ್ತದೆ. ಆದರೆ ಕೋಶ ಒಡೆದು ಎರಡಾದಾಗ ಪುಡಿಯೂ ಎರಡು ಪಾಲಾಗುತ್ತದೆ, ನಾಲ್ಕಾದಾಗ ನಾಲ್ಕು ಪಾಲು. ಅಣ್ಣ ತಮ್ಮಂದಿರು ಹೊಲ ಹಂಚಿಕೊಂಡ ಹಾಗೆ ಕೊನೆಗೆ ಯಾರ ಕೈಗೂ ಏನೂ ಬರುವುದಿಲ್ಲ. ಜೀವವಿರುವ ಬ್ಯಾಕ್ಟೀರಿಯಾ ಆದರೆ ಕೋಶದೊಳಗೆ ತಾನೂ ಹೆಚ್ಚಿಕೊಂಡು ಗುರುತನ್ನು ಉಳಿಸೀತು ಎಂಬುದು ಮೇಡಂ ಅವರ ಆಸೆ.

ಆಸೆ ಇತ್ತು, ಬ್ಯಾಕ್ಟೀರಿಯಾ ಇರಲಿಲ್ಲ. ಹೊರದೇಶದಿಂದ ಎರಡು ಸಲ ತರಿಸಿದರು, ಎರಡು ಸಲವೂ ದಾರಿಯಲ್ಲೇ ಸತ್ತಿದ್ದವು. ಅವು ಗಾಳಿ ಹೆಚ್ಚಾದರೂ ಸಾಯುತ್ತವೆ, ಬಿಸಿ ಹೆಚ್ಚಾದರೂ ಸಾಯುತ್ತವೆ, ಯಾರನ್ನು ದೂರುವುದು? ಅವನ್ನು ಹೊತ್ತ ವಿಮಾನ ನಮ್ಮ ಮನೆಯ ಮೇಲೆಯೇ ಹಾದು ಬಂದಿರಬೇಕು ಎಂದು ನೆನೆದು ನನಗೆ ನಗುವೂ ಸಂಕಟವೂ ಒಟ್ಟಿಗೇ ಬಂದಿತ್ತು. ಪ್ರಾಜೆಕ್ಟಿಗೆ ಉಳಿದಿದ್ದು ಮೂರು ತಿಂಗಳು. ಅಷ್ಟರೊಳಗೆ ಬ್ಯಾಕ್ಟೀರಿಯಾ ತೋರಿಸದಿದ್ದರೆ ಪ್ರಾಜೆಕ್ಟ್ ಇಲ್ಲ, ಪ್ರಾಜೆಕ್ಟ್ ಇಲ್ಲದಿದ್ದರೆ ನಾನೂ ಇಲ್ಲ. ಆ ಲ್ಯಾಬಿನ ಮೇಲೆ ನನಗೆ ಪ್ರಾಣವೇ ಇತ್ತು. ಬೆಳಿಗ್ಗೆ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಬಿಳಿ ಕೋಟು ತೊಟ್ಟು ಮೈಕ್ರೋಸ್ಕೋಪಿನ ಮುಂದೆ ಕೂತರೆ, ಜಗತ್ತಿನಲ್ಲಿ ನನಗೂ ಒಂದು ಜಾಗ ಇದೆ ಅನಿಸುತ್ತಿತ್ತು. ಅದನ್ನು ಬಿಟ್ಟುಕೊಡುವುದು ನನ್ನಿಂದ ಆಗುತ್ತಿರಲಿಲ್ಲ.

"ಕೆಸರಲ್ಲಿ ಇರುತ್ತೆ ಅಂತೀರಲ್ಲ ಮೇಡಂ, ನಮ್ಮೂರ ಕುಂಟೇಲಿ ಯಾಕಿರಬಾರದು?" ಎಂದು ಒಂದು ದಿನ ಕೇಳಿಯೇಬಿಟ್ಟೆ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ವಿಜ್ಞಾನಿಗಳಿಗೂ ಅನ್ವಯಿಸುತ್ತದೆ. ಮೇಡಂ ಕನ್ನಡಕ ತೆಗೆದು ನನ್ನನ್ನೇ ನೋಡಿ, "ಇರಬಹುದು. ಹೋಗಿ ತಗೊಂಡ್ಬಾ. ಆದ್ರೆ ಜಾಡಿ ಇಲ್ಲಿ ಬೇಡ, ಇಲ್ಲಿ ಎಸಿ, ಎಲ್ಲಾರ ಓಡಾಟ. ಮಬ್ಬು ಬೆಳಕಿರೋ, ಯಾರೂ ಅಲ್ಲಾಡಿಸದ ಜಾಗದಲ್ಲಿ ಇಡು" ಅಂದರು.

ಕುಂಟೆಗೆ ನನ್ನ ಜೊತೆ ಬಂದವಳು ಅಜ್ಜಿ. ಕುಂಟೆಯ ಸುತ್ತ ಆಗಲೇ ಲೇಔಟಿನವರು ಬಿಳಿ ಬಣ್ಣದ ಕಲ್ಲು ನೆಟ್ಟಿದ್ದರು. ಇವತ್ತೋ ನಾಳೆಯೋ ಮಣ್ಣು ತುಂಬುತ್ತಾರೆ ಎಂದು ಊರಿಗೆಲ್ಲ ಗೊತ್ತಿತ್ತು. ನಾನು ಓದಿದ್ದ ಪ್ರಕಾರ ದಡದ ಪಕ್ಕದಲ್ಲಿ ಮೂರು ಜಾಡಿ ತುಂಬಿಸಿದೆ. ಅಜ್ಜಿಗೆ ಸಮಾಧಾನವಾಗಲಿಲ್ಲ. "ಅಲ್ಲಿ ದನ ಇಳೀತಾವೆ ಕಣವ್ವ. ಈ ಮೂಲೇಲಿ ತೆಗಿ, ಇಲ್ಲಿ ನೀರು ಕದಲಲ್ಲ. ನಾನು ತಟ್ಟೆ ತೊಳೆಯಾಕೆ ಬರ್ತಿದ್ದಾಗ್ಲೂ ಇಲ್ಲಿ ಕೆಸರು ಕರ‍್ರಗೇ ಇರ್ತಿತ್ತು" ಎನ್ನುತ್ತಾ ಸೀರೆ ಎತ್ತಿಕಟ್ಟಿ ಇಳಿದೇಬಿಟ್ಟಳು. ಮೊಣಕೈವರೆಗೆ ಕೈಯಿಳಿಸಿ ತೆಗೆದ ಆ ಮಣ್ಣು ಕೊಳೆತ ಮೊಟ್ಟೆಯ ಹಾಗೆ ನಾರುತ್ತಿತ್ತು. ಉಳಿದ ಮೂರು ಜಾಡಿಗಳಿಗೆ ಅದೇ ತುಂಬಿತು.

ತಟ್ಟೆ ಎಂದರೆ ರೇಷ್ಮೆ ಹುಳ ಸಾಕುವ ಬಿದಿರಿನ ತಟ್ಟೆ. ನಮ್ಮಜ್ಜಿ ನಲವತ್ತು ವರ್ಷ ಹುಳ ಮೇಯಿಸಿದವಳು. ಅವಳ ಕೈಗುಣ ಊರಿಗೇ ಹೆಸರಾಗಿತ್ತು. ಯಾರ ಮನೆಯಲ್ಲಿ ಹೊಸದಾಗಿ ಮರಿ ಹುಳ ಎದ್ದರೂ ಮೊದಲ ಸೊಪ್ಪು ಹಾಕಲು ಅವಳನ್ನೇ ಕರೆಯುತ್ತಿದ್ದರು. ಆಮೇಲೆ ಹಿಪ್ಪುನೇರಳೆ ಕಿತ್ತು ಅಪ್ಪ ದ್ರಾಕ್ಷಿ ಹಾಕಿದ, ಹುಳದ ಮನೆ ಖಾಲಿಯಾಯಿತು. ದಪ್ಪ ಮಣ್ಣಿನ ಗೋಡೆ, ಗೋಣಿತಾಟು ಇಳಿಬಿಟ್ಟ ಒಂದು ಕಿಟಕಿ, ಒಳಗೆ ಹೋದರೆ ಬೇಸಿಗೆಯಲ್ಲೂ ತಣ್ಣಗೆ. ಮೇಡಂ ಕೇಳಿದಂಥ ಜಾಗ.

ನಾನು ಮಾಡಿದ ಮೊದಲ ತಪ್ಪು ಮಾತಿನದು. ಜಾಡಿಯಲ್ಲಿ ಏನಿದೆ ಎಂದು ಅಜ್ಜಿ ಕೇಳಿದಾಗ, ಬ್ಯಾಕ್ಟೀರಿಯಾ ಎಂದರೆ ತಿಳಿಯದು ಎಂದುಕೊಂಡು, "ಹುಳ ಅಜ್ಜಿ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ" ಅಂದೆ. ಹುಳ ಎಂದ ಮೇಲೆ ಅಜ್ಜಿಗೆ ಇನ್ನೇನು ಬೇಕು? ಅಂದಿನಿಂದ ಆ ಕೋಣೆಗೆ ಕಾಲು ತೊಳೆಯದೆ ಹೋಗುವ ಹಾಗಿಲ್ಲ. ಊದುಬತ್ತಿ ಹಚ್ಚುವ ಹಾಗಿಲ್ಲ. ಅಡುಗೆಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಬಂದ್. "ಘಾಟು ಹುಳಕ್ಕಾಗಲ್ಲ." ಅಪ್ಪ ಸಪ್ಪೆ ಸಾರಿನಲ್ಲಿ ಮುದ್ದೆ ಮುಳುಗಿಸುತ್ತಾ, "ನಿಮ್ಮ ಮೇಡಮ್ಮಿಗೆ ಹೇಳವ್ವಾ, ನಮ್ಮನೇಲಿ ಹುಳ ಚೆನ್ನಾಗಿದಾವೆ, ಮನುಷ್ಯರು ಸೊರಗ್ತಾವ್ರೆ ಅಂತ" ಎಂದು ಗೊಣಗುತ್ತಿದ್ದ. ಅಜ್ಜಿಯ ನಡಿಗೆಗೇ ಒಂದು ಚುರುಕು ಬಂದಿತ್ತು. ಬಾಗಿಲ ಬಳಿ ನಿಂತು ಅವಳು ಆ ಖಾಲಿ ತಟ್ಟೆಗಳ ಸಾಲು ನೋಡುತ್ತಿದ್ದುದು ಈಗಲೂ ನನ್ನ ಕಣ್ಣ ಮುಂದಿದೆ. ಆ ದಿನಗಳು ಹಾಗೇ ಇದ್ದುಬಿಡಬಾರದಿತ್ತೇ ಅನಿಸುತ್ತದೆ.

ಎರಡನೆಯ ತಪ್ಪು ಉತ್ಸಾಹದ್ದು. ಒಂದು ಸಂಜೆ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಾ ಅವಳಿಗೆ ಎಲ್ಲ ವಿವರಿಸಿದೆ. ಮೈಯೊಳಗಿನ ಕರಿಮಣಿ ಸಾಲು, ಯಾರೂ ಹೇಳಿಕೊಡದೆ ಉತ್ತರಕ್ಕೇ ತಿರುಗುವ ಗುಣ.

ಅಜ್ಜಿಯ ಕೈ ನಿಂತಿತು. "ಉತ್ತರಕ್ಕಾ? ಉತ್ತರಕ್ಕೆ ತಲೆ ಹಾಕ್ತಾವಾ?"

"ಹೂಂ, ಯಾವಾಗ್ಲೂ."

"ಒಳ್ಳೇದಲ್ಲ ಕಣವ್ವ. ಉತ್ತರಕ್ಕೆ ತಲೆ ಹಾಕಿ ಮಲಗಿದ್ ಆನೆ ತಲೇನೇ ಕಡ್ದು ಗಣಪನಿಗಿಟ್ಟಿದ್ದು. ಆಯಸ್ಸು ಕಮ್ಮಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮರುದಿನ ಲ್ಯಾಬಿನಲ್ಲಿ ಎಲ್ಲರಿಗೂ ಹೇಳಿ ನಗಿಸಿದೆ. ಅಜ್ಜಿ ನಗಲಿಲ್ಲ ಎಂಬುದನ್ನು ಮಾತ್ರ ಗಮನಿಸಲಿಲ್ಲ.

ಮೂರು ವಾರ ಕಳೆದ ಮೇಲೆ ನೋಡತೊಡಗಿದೆ. ನೋಡುವ ಕ್ರಮ ಸುಲಭ. ಜಾಡಿಯ ಹೊರಗೆ, ಕೆಸರಿಗಿಂತ ತುಸು ಮೇಲೆ, ಅಯಸ್ಕಾಂತವೊಂದನ್ನು ಅರ್ಧ ಗಂಟೆ ಕಟ್ಟಿಡುವುದು. ಬ್ಯಾಕ್ಟೀರಿಯಾ ಇದ್ದರೆ ಅಲ್ಲಿಗೆ ಬಂದು ಸೇರುತ್ತವೆ. ಆ ಜಾಗದ ನೀರನ್ನು ನಳಿಕೆಯಿಂದ ಹೀರಿ, ಸಣ್ಣ ಸೀಸೆಗೆ ಹಾಕಿ, ಬಸ್ಸಿನಲ್ಲಿ ಲ್ಯಾಬಿಗೆ ಒಯ್ದು ಮೈಕ್ರೋಸ್ಕೋಪಿನಡಿ ಇಡುವುದು. ಇಟ್ಟೆ. ಏನೂ ಇಲ್ಲ. ಮತ್ತೂ ಮೂರು ವಾರ ನೋಡಿದೆ, ಏನೂ ಇಲ್ಲ. ಆರೂ ಜಾಡಿ ಖಾಲಿ. ಅಷ್ಟರಲ್ಲಿ ಕುಂಟೆಗೆ ಲಾರಿಗಟ್ಟಲೆ ಕೆಮ್ಮಣ್ಣು ಸುರಿದು ಮಟ್ಟ ಮಾಡಿದ್ದರು, ಮತ್ತೆ ಹೋಗಿ ತರುವ ಮಾತೇ ಇರಲಿಲ್ಲ. ಬೇರೆ ಊರಿನ ಕೆಸರು ತಂದರೂ ಅದು ಹದಕ್ಕೆ ಬರುವಷ್ಟು ದಿನ ಉಳಿದಿರಲಿಲ್ಲ.

ಒಂದು ಶನಿವಾರ ಅರ್ಧ ದಿನಕ್ಕೆ ಬಂದೆ. ಹುಳದ ಮನೆಯ ಬಾಗಿಲು ಅರೆ ತೆರೆದಿತ್ತು. ಅಜ್ಜಿ ಒಂದು ಜಾಡಿಯನ್ನು ಎರಡೂ ಕೈಯಲ್ಲಿ ಎತ್ತಿ, ಕಿಟಕಿಯ ಬೆಳಕಿಗೆ ಹಿಡಿದು, ಸೆರಗಿನಿಂದ ಒರೆಸಿ, ಹಿಂದುಮುಂದಾಗಿ ತಿರುಗಿಸಿ ಇಟ್ಟಳು. ಆಮೇಲೆ ಇನ್ನೊಂದನ್ನು ಎತ್ತಿದಳು. ಒಳಗಿನ ಕೆಸರು ಹೊಗೆಯ ಹಾಗೆ ಏಳುತ್ತಿತ್ತು.

"ಏನ್ ಮಾಡ್ತಿದೀಯಾ?"

"ಬಂದ್ಬಿಟ್ಯಾ? ತಿರುಗಿಸಿಡ್ತಿದೀನಿ. ತಟ್ಟೇನೂ ಹಿಂಗೇ ದಿನಾ ತಿರುಗಿಸ್ತಿರಲಿಲ್ವಾ? ಇಲ್ದಿದ್ರೆ ಉತ್ತರಕ್ಕೇ ತಲೆ ಹಾಕ್ಕೊಂಡು ಬಿದ್ದಿರ್ತಾವೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಒಂದಿನಾನೂ ತಪ್ಸಿಲ್ಲ ಕಣವ್ವ."

ಒಂದು ದಿನವನ್ನೂ ತಪ್ಪಿಸಿರಲಿಲ್ಲ. ಆ ಬ್ಯಾಕ್ಟೀರಿಯಾ ಬದುಕುವುದು ಮೇಲಿನ ಗಾಳಿಯಿರುವ ನೀರಿಗೂ ಕೆಳಗಿನ ಗಾಳಿಯಿಲ್ಲದ ಕೆಸರಿಗೂ ನಡುವಿನ ಒಂದು ತೆಳು ಗೆರೆಯಲ್ಲಿ. ಆ ಗೆರೆ ಕೂರಲು ವಾರಗಟ್ಟಲೆ ಬೇಕು, ಕದಡಲು ಒಂದು ಅಲುಗಾಟ ಸಾಕು. ಅಜ್ಜಿ ದಿನಕ್ಕೆರಡು ಸಲ ಅದನ್ನು ಕದಡಿದ್ದಳು. ಯಾರೂ ಅಲ್ಲಾಡಿಸಬಾರದು ಎಂದು ಮೇಡಂ ನನಗೆ ಹೇಳಿದ್ದರು. ನಾನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಇದು ಈಗ ಹೊಳೆಯುತ್ತದೆ. ಅವತ್ತು ಹೊಳೆದದ್ದು ನನ್ನ ಕೆಲಸ ಹೋಯಿತು ಎಂಬುದೊಂದೇ.

"ನಿನ್ನ ಕೈ ತಾಗಿದ್ದೆಲ್ಲ ಹಾಳು" ಅಂದೆ. "ಎಲ್ಲಾನೂ ಸಾಯ್ಸಿಬಿಟ್ಟೆ. ಇನ್ಮೇಲೆ ನಂದು ಅಂತ ಇರೋದು ಯಾವ್ದನ್ನೂ ಮುಟ್ಬೇಡ."

ನಲವತ್ತು ವರ್ಷದ ಕೈಗುಣಕ್ಕೆ ನಾನು ಅಂದ ಮಾತು ಅದು. ಅಜ್ಜಿ ಕೈಯಲ್ಲಿದ್ದ ಜಾಡಿಯನ್ನು ಸದ್ದಾಗದಂತೆ ಕೆಳಗಿಟ್ಟಳು. "ಹೂಂ ಕಣವ್ವ" ಎಂದು ನನ್ನ ಪಕ್ಕದಿಂದ, ನನಗೆ ತಾಗದ ಹಾಗೆ ಓರೆಯಾಗಿ ದಾಟಿ ಹೋದಳು. ಸಂಜೆ ಅಡುಗೆಮನೆಯಿಂದ ಒಗ್ಗರಣೆ ಘಾಟು ಬಂತು. ಅಪ್ಪ ಕೂಡ ಖುಷಿಪಡಲಿಲ್ಲ.

ಸೋಮವಾರ ಮೇಡಂಗೆ ನಡೆದದ್ದು ಹೇಳಿದೆ. ಅವರು ನಕ್ಕಾರು ಎಂದುಕೊಂಡಿದ್ದೆ. ನಗದೆ, "ಸತ್ತಿರ್ಬೇಕು ಅಂತೇನಿಲ್ಲ, ಚದುರಿರ್ಬಹುದು. ಈಗ ಯಾರೂ ಮುಟ್ಬೇಡಿ, ಸುಮ್ನೆ ಬಿಡಿ" ಅಂದರು. ಸುಮ್ಮನೆ ಬಿಟ್ಟೆ. ಬಿಟ್ಟದ್ದು ತಾಳ್ಮೆಯಿಂದಲ್ಲ, ಆ ಕೋಣೆಯ ಕಡೆ ನೋಡಿದರೆ ಸಿಟ್ಟೂ ನಾಚಿಕೆಯೂ ಬರುತ್ತಿದ್ದವು. ಅಜ್ಜಿಯೂ ಆ ಕಡೆ ಸುಳಿಯಲಿಲ್ಲ. ಮೂರು ವಾರ ಆ ಬಾಗಿಲಿಗೆ ಚಿಲಕ ಹಾಕಿಯೇ ಇತ್ತು.

ಪ್ರಾಜೆಕ್ಟ್ ಮುಗಿಯಲು ಹತ್ತು ದಿನವಿದ್ದಾಗ ಕಡೆಯ ಸಲ ಎಂದು ಆರೂ ಜಾಡಿಗಳಿಗೆ ಅಯಸ್ಕಾಂತ ಕಟ್ಟಿದೆ. ಆರು ಸೀಸೆಗಳನ್ನು ಲ್ಯಾಬಿಗೆ ಒಯ್ದೆ. ದಡದ ಕೆಸರಿನ ಮೂರರಲ್ಲಿ ಏನೂ ಇರಲಿಲ್ಲ. ನಾಲ್ಕನೆಯ ಸೀಸೆಯ ಹನಿಯನ್ನು ಮೈಕ್ರೋಸ್ಕೋಪಿನಡಿ ಇಟ್ಟು, ಪಕ್ಕದಲ್ಲಿ ಅಯಸ್ಕಾಂತ ಹಿಡಿದು, ಕಣ್ಣಿಟ್ಟೆ. ಹನಿಯ ಅಂಚಿನಲ್ಲಿ ಏನೋ ಮಿಣಮಿಣ ಎಂದಿತು. ಒಂದು, ಹತ್ತು, ಆಮೇಲೆ ಎಣಿಸಲಾಗದಷ್ಟು. ಅಯಸ್ಕಾಂತವನ್ನು ತಿರುಗಿಸಿ ಹಿಡಿದೆ. ಅಷ್ಟೂ ಒಟ್ಟಿಗೇ ತಿರುಗಿ ವಾಪಸ್ಸು ಈಜಿದವು. ಮೇಡಂ ಕುರ್ಚಿ ಎಳೆದುಕೊಂಡು ಬಹಳ ಹೊತ್ತು ನೋಡಿ, ಕಣ್ಣು ತೆಗೆಯದೆಯೇ, "ಕುಂಟೇಲಿ ಎಲ್ಲೀ ಕೆಸರು ಇದು?" ಎಂದು ಕೇಳಿದರು. ಐದು, ಆರರಲ್ಲೂ ಇದ್ದವು. ಮೂರೂ ಅಜ್ಜಿ ಕೈಯಿಳಿಸಿ ತೆಗೆದ ಮೂಲೆಯವು.

ಮನೆಗೆ ಬಂದು ಹೇಳಿದೆ. ಅಪ್ಪ ಬಾಳೆಹಣ್ಣು ತಂದು ದೇವರಿಗಿಟ್ಟ. ಅಜ್ಜಿ ಜಗಲಿಯ ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. "ಹುಳ ಬದುಕಿದಾವೆ ಅಜ್ಜಿ" ಅಂದೆ.

ಅವಳು ತಲೆ ಎತ್ತಿದಳು. ನಿಜವಾಗಿಯೂ ತಿಳಿದುಕೊಳ್ಳಲೆಂದೇ, ಯಾವ ಕೊಂಕೂ ಇಲ್ಲದೆ ಕೇಳಿದಳು: "ನಾನು ಮುಟ್ಟದೇ ಇದ್ದಿದ್ಕೆ ಬದುಕಿದ್ವು, ಅಲ್ವಾ?"

"ಹೂಂ" ಅಂದೆ.

ಅದು ಸುಳ್ಳಲ್ಲ. ಆದರೆ ಅರ್ಧ. ನೀನು ಆ ಮೂಲೆಯನ್ನು ತೋರಿಸದಿದ್ದರೆ ಬದುಕಲು ಅಲ್ಲಿ ಏನೂ ಇರುತ್ತಿರಲಿಲ್ಲ ಎಂಬ ಇನ್ನರ್ಧವನ್ನು ನಾನು ಹೇಳಲಿಲ್ಲ. ಹೊಟ್ಟೆಯಲ್ಲಿ ಚೂರು ಸಿಟ್ಟು ಇನ್ನೂ ಉಳಿದಿತ್ತು, ಅದಕ್ಕೆ. ಅಜ್ಜಿ ತಲೆಯಾಡಿಸಿ ಮತ್ತೆ ಅವರೆಕಾಯಿಗೆ ಕೈ ಹಾಕಿದಳು.

ಪ್ರಾಜೆಕ್ಟ್ ಮುಂದುವರಿಯಿತು. ಆ ಬ್ಯಾಕ್ಟೀರಿಯಾವನ್ನು ಬೇರೆಯವುಗಳಿಂದ ಬಿಡಿಸಿ ಒಂಟಿಯಾಗಿ ಬೆಳೆಸಲು ಒಂದು ವರ್ಷದ ಮೇಲಾಯಿತು. ಆಮೇಲೆ, ಸಿಕ್ಕಿದ್ದನ್ನೆಲ್ಲ ನುಂಗುವ ಸ್ವಭಾವದ ಬಿಳಿ ರಕ್ತಕಣಗಳಿಗೆ ಅದನ್ನು ನುಂಗಿಸಿದೆವು. ಅವು ನುಂಗಿದವು, ನುಂಗಿಯೂ ಬದುಕಿದವು. ಆ ಕಣಗಳನ್ನು ಮೆತ್ತನೆಯ ಜೆಲ್ಲಿಯಲ್ಲಿಟ್ಟು ಸ್ಕ್ಯಾನ್ ಮಾಡಿದಾಗ ಬೂದು ಪರದೆಯ ಮೇಲೆ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಂಡವು. ಒಂದೊಂದು ಚುಕ್ಕೆಯೂ ನಾವು ಗುರುತು ಹಾಕಿ ಕಳಿಸಿದ ಒಂದಿಷ್ಟು ಜೀವ. ಮೇಡಂ ಆಸೆಪಟ್ಟಷ್ಟು ದಿನ ಗುರುತು ಉಳಿಯಲಿಲ್ಲ; ಕೋಶಗಳು ಕೆಲವು ದಿನಗಳಲ್ಲಿ ಆ ಅತಿಥಿಯನ್ನು ಅರಗಿಸಿಕೊಂಡುಬಿಡುತ್ತಿದ್ದವು. ಆದರೂ ಪುಡಿಗಿಂತ ಇದು ಮೇಲು ಎಂದು ತೋರಿಸುವಷ್ಟಾಯಿತು. ನನಗೆ ಲ್ಯಾಬಿನಲ್ಲಿ ಕಾಯಂ ಜಾಗವೂ ಆಯಿತು.

ಮನೆಯಲ್ಲಿ ಅಜ್ಜಿ ಮಾತು ಬಿಡಲಿಲ್ಲ, ಮುನಿಸಿಕೊಳ್ಳಲಿಲ್ಲ. ನಾನು ಹೇಳಿದ್ದನ್ನು ಪಾಲಿಸಿದಳು, ಅಷ್ಟೇ. ನನ್ನ ಊಟದ ಡಬ್ಬಿ ತೊಳೆದಿಡುವ ಮೊದಲು, "ಇದನ್ನ ಮುಟ್ಟಬಹುದೇನವ್ವ?" ಎನ್ನುವಳು. ಒಣಗಿದ ನನ್ನ ದುಪಟ್ಟಾ ಮಡಿಸುವ ಮೊದಲು ಕೇಳುವಳು. ನನ್ನ ತಲೆಗೆ ಎಣ್ಣೆ ಹಚ್ಚುವುದನ್ನು ನಿಲ್ಲಿಸಿದಳು. ಕೊನೆಗೂ ಒಂದು ದಿನ ಆ ಇನ್ನರ್ಧವನ್ನು ಹೇಳಿದೆ. ಹುಳ ಸಿಕ್ಕಿದ್ದು ನಿನ್ನ ಮೂಲೆಯಲ್ಲೇ, ನಿನ್ನ ಕೈಯಿಂದಲೇ ಎಂದು ಎಷ್ಟೋ ಸಲ ಹೇಳಿದೆ. "ಹಂಗಾ, ಒಳ್ಳೇದಾಯ್ತು ಬಿಡು" ಎನ್ನುತ್ತಿದ್ದಳು. ಮೊಮ್ಮಗಳು ಸಮಾಧಾನಕ್ಕೆ ಹೇಳುತ್ತಿದ್ದಾಳೆ ಎಂದು ಅವಳ ಮುಖದಲ್ಲಿ ಬರೆದಿರುತ್ತಿತ್ತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮವರು ಸುಮ್ಮನೆ ಹೇಳಿಲ್ಲ.

ಮದುವೆಯಾಗಿ ಬೆಂಗಳೂರು ಸೇರಿದ್ದವಳು ಬಾಣಂತನಕ್ಕೆ ಊರಿಗೆ ಬಂದೆ. ಆಸ್ಪತ್ರೆಯಿಂದ ಮಗಳನ್ನು ಎತ್ತಿಕೊಂಡು ಮನೆಗೆ ಬಂದ ಬೆಳಿಗ್ಗೆ ಅಕ್ಕಪಕ್ಕದ ಹೆಂಗಸರೆಲ್ಲ ನೆರೆದಿದ್ದರು. ಒಬ್ಬೊಬ್ಬರೇ ಬಂದು ಮಗುವಿನ ಕೆನ್ನೆ ಮುಟ್ಟಿ, ಕಾಲು ಮುಟ್ಟಿ, ಯಾರ ಮೂಗು ಯಾರ ಹಣೆ ಎಂದು ತೀರ್ಪು ಕೊಟ್ಟು ಹೋದರು. ಅಜ್ಜಿ ಗೋಡೆಗೊರಗಿ ನಿಂತಿದ್ದಳು. ಎಲ್ಲರೂ ಹೋದ ಮೇಲೆ ಹತ್ತಿರ ಬಂದಳು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದಳು.

"ಕೂಸನ್ನ ಮುಟ್ಟಬಹುದೇನವ್ವ?" ಅಂದಳು.

ಆ ಬೀದಿಯ ಅರ್ಧ ಮಕ್ಕಳಿಗೆ ಮೊದಲ ನೀರು ಹಾಕಿದವಳು ಅವಳು. ನನಗೂ ಹಾಕಿದವಳು. ಅವಳನ್ನು ಕೂರಿಸಿ ಮಗುವನ್ನು ಅವಳ ಮಡಿಲಲ್ಲಿ ಮಲಗಿಸಿದೆ. ಮಗು ಮಡಿಲಿಗೆ ಬಂದ ಮೇಲೂ ಅವಳು ಎರಡೂ ಕೈಯನ್ನು ಹಾಗೇ ಮೇಲೆ ಹಿಡಿದುಕೊಂಡು, ನಾನು ಹೂಂ ಅನ್ನಲಿ ಎಂದು ಕಾಯುತ್ತಾ ಕುಳಿತಿದ್ದಳು.